ಇದು ಮೊದಲನೆಯ ಮುದ್ರಣವೇ?

ಹಲಸೂರಿನ ಕೆರೆಯ ಆಚೆಗಿನ ಒಂದು ಬೀದಿಯಿಂದ ವಾಚಕ ಮಹಿಳೆಯೊಬ್ಬರು ಈ ಅಂಕಣಕ್ಕೆ ಕಾಗದ ಬರೆದಿದ್ದಾರೆ. ಅವರ ಮಾವನವರು ದಂಡುಪ್ರದೇಶದ ಹರಾಜು ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರಂತೆ. ಇಂಗ್ಲಿಷ್ ದೊರೆಗಳೂ, ಅವರ ಹಿಂದೆಯೇ ಹಲವು ಆಂಗ್ಲೋ-ಇಂಡಿಯನ್ ಕುಟುಂಬಗಳೂ ಊರು ಬಿಟ್ಟು ಹೊರಡುವಾಗ ಮೇಜು, ಕುರ್ಚಿ, ಪಿಯಾನೋಗಳೊಡನೆ ಪುಸ್ತಕಗಳೂ ಹರಾಜಿಗೆ ಬರುತ್ತಿದ್ದುವು. ಯಾರೂ ಕೂಗದೆ ಉಳಿದುವನ್ನು ಅವರು ಮನೆಗೆ ತಂದು ತಂದು ಎರಡು ಬೀರುಗಳನ್ನು ತುಂಬಿಸಿದರು. ಈಗ ಮಾವನವರಿಲ್ಲ. ಹಳೆಯ ಮನೆಯನ್ನು ಕೆಡವಿ ಮಹಡಿಮನೆ ಎಬ್ಬಿಸುವ ಸಿದ್ಧತೆ ನಡೆದಿದೆ. ಶಿವಾಜಿನಗರದ ಗುಜರಿಯವನು ಬಂದು, ಎಲ್ಲವನ್ನೂ ಹಳೆಯ ಕಾಗದದ ದರದಲ್ಲಿ ತೂಗಿಸಿಕೊಂಡು ಹೋಗುವೆನೆಂದು ಹೇಳಿದ್ದಾನೆ. ಅದೇ ವಾರ ನೆಂಟರೊಬ್ಬರು ಬೀರುವಿನಲ್ಲಿ ಕಣ್ಣಾಡಿಸಿ, "ಇದರಲ್ಲಿ ಬುಕಾನನ್ ಇದೆ, 1807ನೇ ಇಸವಿಯದು. ಇದೊಂದನ್ನು ಮಾರಿದರೆ ಮಗಳ ಕಾಲೇಜಿನ ಖರ್ಚೆಲ್ಲ ಕಳೆದುಹೋಗುತ್ತದೆ" ಎಂದರಂತೆ. "ಮೇಷ್ಟ್ರೇ, ತಕ್ಕಡಿಯವನನ್ನು ನಂಬುವುದೋ ನೆಂಟರನ್ನು ನಂಬುವುದೋ ತಿಳಿಯದಾಗಿದೆ. ಮುಂದಿನ ತಿಂಗಳು ಕಾಲೇಜಿಗೆ ಹಣ ಕಟ್ಟಬೇಕು" ಎಂದು ಕಾಗದ ಮುಗಿಯುತ್ತದೆ.

ಇಂತಹ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಬರೆಯಲಾಗದು. ಹೋಗಿ ನೋಡಿಬಂದೆ. ನೋಡಿದುದನ್ನು ಹೇಳುವ ಮುನ್ನ ಬುಕಾನನ್ ಯಾರೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಹೊಸದಾಗಿ ಕೈಸೇರಿದ ನಾಡನ್ನು ಕಂಡು ವರದಿಮಾಡಲು ಹೊರಟನು. 1800ರ ಏಪ್ರಿಲ್ 23ರಂದು ಮದರಾಸನ್ನು ಬಿಟ್ಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ 1801ರಲ್ಲಿ ಹಿಂದಿರುಗಿದನು. ಯಾವ ಹೊಲಕ್ಕೆ ಯಾವ ಬೀಜ, ಯಾವ ಮಗ್ಗಕ್ಕೆ ಯಾವ ನೂಲು, ಯಾವ ಜಾತಿಯವರಿಗೆ ಯಾವ ಕಸುಬು—ಒಂದನ್ನೂ ಬಿಡದೆ ದಿನಚರಿಯಲ್ಲಿ ಬರೆದುಕೊಂಡನು. ಬೆಂಗಳೂರಿನ ಪೇಟೆಯ ನೇಯ್ಗೆಯವರೂ ವರ್ತಕರೂ, ಹೈದರನ ಮತ್ತು ಟಿಪ್ಪುವಿನ ತೋಟಗಳೂ ಅದರಲ್ಲಿವೆ. ಅಂದಿನ ಕನ್ನಡನಾಡಿನ ರೈತನ ಮನೆಯೊಳಗನ್ನು ಇಷ್ಟು ಹತ್ತಿರದಿಂದ ತೋರಿಸುವ ಬೇರೊಂದು ಪ್ರವಾಸಗ್ರಂಥವನ್ನು ನಾನು ಕಂಡಿಲ್ಲ. ಓದಲು ಮಾತ್ರ ರಾಗಿಯ ಹಿಟ್ಟನ್ನು ಒಣದಾಗಿ ನುಂಗಿದಂತೆ. ನೀರು ನಾವೇ ಬೆರೆಸಿಕೊಳ್ಳಬೇಕು.

ಆ ಗ್ರಂಥವು ಲಂಡನ್ನಿನಲ್ಲಿ 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಕ್ಯಾಡೆಲ್ ಮತ್ತು ಡೇವೀಸ್ ಹಾಗೂ ಬ್ಲ್ಯಾಕ್, ಪ್ಯಾರಿ, ಕಿಂಗ್ಸ್‌ಬರಿ ಎಂಬ ಎರಡು ಸಂಸ್ಥೆಗಳ ಹೆಸರು ಅದರ ಶೀರ್ಷಿಕೆಯ ಪುಟದಲ್ಲಿದೆ. ಆಕಾರ ಕ್ವಾರ್ಟೋ, ಎಂದರೆ ಮುದ್ರಣದ ಹಾಳೆಯನ್ನು ಎರಡು ಬಾರಿ ಮಡಚಿ ನಾಲ್ಕು ಎಲೆಗಳನ್ನಾಗಿ ಮಾಡಿದ ದೊಡ್ಡ ಪುಸ್ತಕ. ಒಂದು ಕೈಯಲ್ಲಿ ಹಿಡಿದು ಮಲಗಿ ಓದುವಂಥದಲ್ಲ. ಮದರಾಸಿನ ಹಿಗ್ಗಿನ್‌ಬಾಥಮ್ ಸಂಸ್ಥೆಯವರು 1870ರಲ್ಲಿ ಎರಡನೆಯ ಆವೃತ್ತಿಯನ್ನು ತಂದರು. ಅದು ಎರಡೇ ಸಂಪುಟ. ಮುಂದೆ 1980ರ ದಶಕದಲ್ಲಿ ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವೀಸಸ್ ಎಂಬ ಸಂಸ್ಥೆಯು 1807ರ ಪುಟಗಳ ಪಡಿಯಚ್ಚನ್ನೇ ತೆಗೆದು ಮತ್ತೆ ಮೂರು ಸಂಪುಟಗಳಲ್ಲಿ ಮುದ್ರಿಸಿತು. ಅಂದಮೇಲೆ "ಮೂರು ಸಂಪುಟ, 1807" ಎಂಬ ಎರಡು ಗುರುತುಗಳು ಕಂಡೊಡನೆ ಹಿಗ್ಗಬೇಕಾಗಿಲ್ಲ. ಪಡಿಯಚ್ಚಿನಲ್ಲಿಯೂ ಅವೆರಡೂ ಇರುತ್ತವೆ.

ಹಲಸೂರಿನ ಬೀರುವಿನಲ್ಲಿದ್ದುದು ಪಡಿಯಚ್ಚು. ಮಾವನವರು ವಯಸ್ಸಾದ ಮೇಲೆ ಆಸೆಪಟ್ಟು ಕೊಂಡದ್ದಿರಬೇಕು. ಶೀರ್ಷಿಕೆಯ ಪುಟವನ್ನು ಮಗುಚಿದರೆ ಹಿಂಬದಿಯಲ್ಲಿ "ಮೊದಲು ಪ್ರಕಟವಾದುದು 1807" ಎಂಬ ಅರ್ಥದ ಇಂಗ್ಲಿಷ್ ಸಾಲಿನ ಜೊತೆಗೇ ಮರುಮುದ್ರಣದ ವಿವರವೂ ಇದೆ. ನೆಂಟರು ಮೊದಲನೆಯ ಸಾಲನ್ನು ಓದಿ ಪುಸ್ತಕ ಮುಚ್ಚಿದ್ದರು. "ಮೊದಲು ಪ್ರಕಟವಾದುದು" ಎಂದರೆ ಕೃತಿಯ ಹುಟ್ಟಿದ ವರ್ಷ. ಕೈಯಲ್ಲಿರುವ ಪ್ರತಿಯ ವರ್ಷವಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟು ಮನೆಗಳಲ್ಲಿ ಎಷ್ಟು ಹಣ ಕೈಬದಲಾಯಿಸಿದೆಯೋ!

ಪುಸ್ತಕವನ್ನು ಮಾರುವವನು ಆ ಹಿಂಬದಿಯ ಮಾಹಿತಿಯನ್ನು ಮರೆಮಾಡಿದರೆ? ಎಲೆಯನ್ನೇ ಹರಿದು ತೆಗೆದು, ಹೊಸ ತೊಗಲಿನ ರಟ್ಟು ಕಟ್ಟಿಸಿದರೆ? ಆಗ ಕಾಗದವನ್ನೂ ಅಚ್ಚನ್ನೂ ಕೇಳಬೇಕು. 1807ರ ಕಾಗದ ಚಿಂದಿಬಟ್ಟೆಯಿಂದ ಆದುದು. ಇನ್ನೂರು ವರ್ಷ ಕಳೆದರೂ ಬಾಗಿಸಿದರೆ ಮುರಿಯದು. ನಮ್ಮ ತಾತಂದಿರ ಕಾಲದ ಮರದ ತಿರುಳಿನ ಅಗ್ಗದ ಕಾಗದವೋ, ಕಂದಿಹೋಗಿ ಮೂಲೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಹಳೆಯದು ಹೊಸದಾಗಿಯೂ ಹೊಸದು ಹಳೆಯದಾಗಿಯೂ ಕಾಣುವ ವಿಚಿತ್ರ ಇದು. ಎರಡನೆಯದಾಗಿ, ಮೊಳೆ ಜೋಡಿಸಿ ಅಚ್ಚುಹಾಕಿದ ಪುಟದ ಹಿಂಬದಿಯ ಮೇಲೆ ಬೆರಳಾಡಿಸಿದರೆ ಅಕ್ಷರ ಒತ್ತಿದ ಉಬ್ಬು ಅಲ್ಲಲ್ಲಿ ತಾಗುತ್ತದೆ. ಪಡಿಯಚ್ಚಿನಲ್ಲಿ ಅದು ನುಣುಪು. ಮೂರನೆಯದು, ಪುಟಗಳ ಅಡಿಯಲ್ಲಿ ಅಲ್ಲಲ್ಲಿ ಬಿ, ಸಿ, ಡಿ ಎಂದು ಒಂಟಿ ಅಕ್ಷರಗಳಿರುತ್ತವೆ. ರಟ್ಟು ಕಟ್ಟುವವನಿಗೆ ಮಡಿಕೆಗಳ ಕ್ರಮ ತಪ್ಪದಿರಲೆಂದು ಮುದ್ರಕನು ಹಾಕಿದ ಗುರುತು ಅದು. ಹಳೆಯ ಇಂಗ್ಲಿಷ್ ಮುದ್ರಕರು ಇದಕ್ಕೆ 26 ಅಕ್ಷರಗಳಲ್ಲಿ 23ನ್ನಷ್ಟೇ ಬಳಸುತ್ತಿದ್ದರು. ಆದುದರಿಂದ ನಡುವೆ ಒಂದು ಅಕ್ಷರ ಬಿಟ್ಟುಹೋಯಿತೆಂದು ಗಾಬರಿಪಡಬೇಕಾಗಿಲ್ಲ. ಆದರೆ ಒಂದು ಮಡಿಕೆಯೇ ಕಾಣೆಯಾಗಿದ್ದರೆ ಮೊದಲು ಹೇಳುವುದು ಈ ಅಕ್ಷರಗಳೇ.

ಲೇಖಕನ ಹೆಸರೂ ಒಮ್ಮೊಮ್ಮೆ ಸಾಕ್ಷಿ ನುಡಿಯುತ್ತದೆ. ಬುಕಾನನ್ ತನ್ನ ಕೊನೆಗಾಲದಲ್ಲಿ ತಾಯಿಯ ಕಡೆಯ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದನು. 1819ರಲ್ಲಿ ಹೊರಬಂದ ಅವನ ನೇಪಾಳದ ಗ್ರಂಥದಲ್ಲಿ ಕರ್ತೃ ಫ್ರಾನ್ಸಿಸ್ ಹ್ಯಾಮಿಲ್ಟನ್. ಮೈಸೂರಿನ ಪ್ರವಾಸದ 1807ರ ಶೀರ್ಷಿಕೆಯ ಪುಟದಲ್ಲಿ ಬರಿಯ ಬುಕಾನನ್.

ಇಲ್ಲಿ ಒಂದು ಪರಿಭಾಷೆಯನ್ನು ಇತ್ಯರ್ಥಮಾಡಿಕೊಳ್ಳಬೇಕು. ಕನ್ನಡದಲ್ಲಿ ನಾವು ಆವೃತ್ತಿ, ಮುದ್ರಣ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ಪುಸ್ತಕಸಂಗ್ರಾಹಕರ ಲೆಕ್ಕದಲ್ಲಿ ಹಾಗಲ್ಲ. ಒಂದು ಬಾರಿ ಜೋಡಿಸಿದ ಮೊಳೆಗಳಿಂದ ಎಷ್ಟು ಸಲ ಅಚ್ಚುಹಾಕಿದರೂ ಆವೃತ್ತಿ ಒಂದೇ. ಆದರೆ ಒಂದೊಂದು ಸಲದ್ದೂ ಬೇರೆಬೇರೆ ಮುದ್ರಣ. ಸಂಗ್ರಾಹಕನು "ಮೊದಲನೆಯದು" ಎಂದಾಗ ಮೊದಲನೆಯ ಆವೃತ್ತಿಯ ಮೊದಲನೆಯ ಮುದ್ರಣವನ್ನೇ ಹೇಳುತ್ತಾನೆ. ಅದರೊಳಗೂ, ಮುದ್ರಣ ನಡೆಯುತ್ತಿರುವಾಗಲೋ ಮಾರಾಟ ಮೊದಲಾದ ಮೇಲೋ ಸಣ್ಣ ತಿದ್ದುಪಡಿ ನಡೆದಿದ್ದರೆ, ತಿದ್ದುವ ಮುಂಚಿನ ಪ್ರತಿ ಹೆಚ್ಚಿನದು. ಓಲೆಗರಿಯ ಪಾಠಗಳನ್ನು ಹೋಲಿಸಿ ಕಾವ್ಯ ಸಂಪಾದಿಸುವ ನಮ್ಮಂಥವರಿಗೆ ಇದು ಹೊಸತೇನಲ್ಲ. ಒಂದೇ ಭೇದ: ನಾವು ಹಳೆಯ ಓಲೆಯನ್ನು ಹುಡುಕುವುದು ಅದರಲ್ಲಿ ತಪ್ಪು ಕಡಮೆಯಿದ್ದೀತೆಂದು. ಸಂಗ್ರಾಹಕನು ಹಳೆಯ ಅಚ್ಚನ್ನು ಹುಡುಕುವಾಗ ತಪ್ಪು ಹೆಚ್ಚಿದ್ದಷ್ಟೂ ಹಿಗ್ಗುತ್ತಾನೆ.

ಇದಕ್ಕೆ ನಮ್ಮ ದಂಡುಪ್ರದೇಶದ್ದೇ ಉದಾಹರಣೆಯಿದೆ. 1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ಸ್ ಎಂಬ ಕುದುರೆಪಡೆಯೊಡನೆ 21 ವರ್ಷದ ಅಧಿಕಾರಿಯೊಬ್ಬನು ಬೆಂಗಳೂರಿಗೆ ಬಂದಿಳಿದನು. ಇಬ್ಬರು ಜೊತೆಗಾರರೊಡನೆ ಬಂಗಲೆಯಲ್ಲಿ ವಾಸ, ಬೆಳಗ್ಗೆ ಕವಾಯತು, ಸಂಜೆ ಪೋಲೋ, ನಡುವೆ ಗುಲಾಬಿಯ ಗಿಡ, ಚಿಟ್ಟೆಯ ಸಂಗ್ರಹ, ಮತ್ತು ಹಸಿದವನಂತೆ ಓದು. ಹೆಸರು ವಿನ್‌ಸ್ಟನ್ ಚರ್ಚಿಲ್. 1897ರಲ್ಲಿ ರಜೆ ಪಡೆದು ವಾಯವ್ಯ ಗಡಿಯ ಮಲಕಂಡ್ ಯುದ್ಧಕ್ಕೆ ಪತ್ರಿಕೆಗಳ ಬಾತ್ಮೀದಾರನಾಗಿ ಹೋಗಿಬಂದು, ಬೆಂಗಳೂರಿನ ಬಂಗಲೆಯಲ್ಲಿ ಕುಳಿತು ತನ್ನ ಮೊದಲ ಪುಸ್ತಕವನ್ನು ಬರೆದನು. ವರ್ಷದ ಕೊನೆಗೆ ಹಸ್ತಪ್ರತಿ ಹಡಗು ಹತ್ತಿತು. ಕರಡಚ್ಚು ಸಮುದ್ರ ದಾಟಿ ಬಂದುಹೋಗುವಷ್ಟು ಕಾಲ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಕರಡು ತಿದ್ದುವ ಕೆಲಸ ತಾಯಿಯ ಅಕ್ಕನ ಗಂಡ, ನಮ್ಮ ಮಾತಿನಲ್ಲಿ ದೊಡ್ಡಪ್ಪನಾದ ಮೋರ್ಟನ್ ಫ್ರೂವೆನ್ ಎಂಬವನ ಪಾಲಿಗೆ ಬಂದಿತು. 1898ರ ಮಾರ್ಚಿಯಲ್ಲಿ ಲಾಂಗ್ಮನ್ಸ್ ಸಂಸ್ಥೆ ಪ್ರಕಟಿಸಿದ ಪುಸ್ತಕ ಬೆಂಗಳೂರಿಗೆ ಬಂದಾಗ ತರುಣ ಗ್ರಂಥಕರ್ತನು ತೆರೆದು ನೋಡಿ ತಲೆಯ ಮೇಲೆ ಕೈಯಿಟ್ಟನು. ಪುಟಪುಟಕ್ಕೂ ಅಚ್ಚಿನ ತಪ್ಪು!

ಪ್ರಕಾಶಕರು ಅವಸರದಲ್ಲಿ ತಪ್ಪು-ಒಪ್ಪುಗಳ ಒಂದು ಚೀಟಿಯನ್ನು ಮುದ್ರಿಸಿ ಉಳಿದ ಪ್ರತಿಗಳಲ್ಲಿ ಸೇರಿಸಿದರು. ಇಂದು ಸಂಗ್ರಾಹಕರು ಮೊದಲು ಹುಡುಕುವುದು ಈ ಚೀಟಿಯನ್ನು—ಅದು ಇರಬಾರದೆಂದು. ಚೀಟಿಯಿಲ್ಲದ ಪ್ರತಿ ಮೊದಲ ಹಂತದ್ದು, ಚೀಟಿಯಿರುವುದು ಎರಡನೆಯ ಹಂತದ್ದು. ಹಿಂದುಗಡೆ ಕಟ್ಟಿದ 32 ಪುಟಗಳ ಪ್ರಕಾಶಕರ ಪುಸ್ತಕಪಟ್ಟಿಯನ್ನೂ ನೋಡುತ್ತಾರೆ. ಅದರಲ್ಲಿ 12/97 ಎಂಬ ಅಂಕಿ ಇದ್ದರೆ, ಎಂದರೆ 1897ರ ಡಿಸೆಂಬರ್ ಎಂದಿದ್ದರೆ, ಒಳ್ಳೆಯ ಲಕ್ಷಣ. ತಪ್ಪನ್ನು ಇನ್ನೂ ಒಪ್ಪಿಕೊಂಡಿರದ ಪುಸ್ತಕಕ್ಕೆ ಒಪ್ಪಿಕೊಂಡ ಪುಸ್ತಕಕ್ಕಿಂತ ಬೆಲೆ ಹೆಚ್ಚು! ಆದರೂ ಎಚ್ಚರ ಬೇಕು. ಚೀಟಿಯೆಂಬುದು ತೆಳ್ಳಗಿನ ಕಾಗದದ ತುಂಡು, ಕೀಳಲು ಕಷ್ಟವಿಲ್ಲ. ಅದನ್ನು ಅಂಟಿಸುತ್ತಿದ್ದುದು ಮೊದಲನೆಯ ಮಡಿಕೆ ನಕ್ಷೆಯ ಮುಂದೆ. ಅಲ್ಲಿ ಅಂಟಿನ ಕಲೆಯೋ ಎಳೆದ ಕಾಗದದ ನಾರೋ ಕಂಡರೆ ಮಾರುವವನ ಮುಖವನ್ನೊಮ್ಮೆ ನೋಡುವುದು ಲೇಸು. ಅಂದಹಾಗೆ, ಈ ಅಧಿಕಾರಿ ಊರು ಬಿಟ್ಟಾಗ ಇಂದಿನ ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದನೆಂದು 1899ರ ಕ್ಲಬ್ಬಿನ ದಾಖಲೆ ಹೇಳುತ್ತದೆ. ಬರಲಾರದ ಬಾಕಿಯ ಪಟ್ಟಿಗೆ ಸೇರಿದ ಆ ಪುಟ ಇಂದು ಕ್ಲಬ್ಬಿನವರಿಗೆ 13 ರೂಪಾಯಿಗಿಂತ ಎಷ್ಟೋ ಹೆಚ್ಚಿನದು.

ಮಲಕಂಡ್ ಪುಸ್ತಕದ ಇನ್ನೊಂದು ರೂಪವೂ ಉಂಟು: ಲಾಂಗ್ಮನ್ಸ್ ವಸಾಹತು ಮಾಲೆಯದು. ನಮ್ಮ ದಂಡಿನ ಬೀರುಗಳನ್ನು ಶೋಧಿಸುವವರು ಈ ವಸಾಹತು ಮಾಲೆಗಳ ವಿಷಯವನ್ನು ಚೆನ್ನಾಗಿ ಅರಿತಿರಬೇಕು. ಮ್ಯಾಕ್‌ಮಿಲನ್ನರು 1886ರಲ್ಲಿ ಇದನ್ನು ಮೊದಲುಮಾಡಿದರು; ಉಳಿದವರು ಹಿಂಬಾಲಿಸಿದರು. ಲಂಡನ್ನಿನಲ್ಲಿ ದುಬಾರಿ ಬೆಲೆಗೆ ಮಾರುವ ಪುಸ್ತಕವನ್ನೇ ಅಗ್ಗದ ರಟ್ಟಿನಲ್ಲಿ, "ಇಂಡಿಯಾ ಮತ್ತು ವಸಾಹತುಗಳಲ್ಲಿ ಮಾತ್ರ ಮಾರಾಟಕ್ಕೆ" ಎಂಬ ಒಕ್ಕಣೆಯೊಡನೆ ಹಡಗಿಗೇರಿಸುತ್ತಿದ್ದರು. ಸೌತ್ ಪೆರೇಡಿನ ಅಂಗಡಿಗಳಿಗೂ ರೆಜಿಮೆಂಟುಗಳ ವಾಚನಾಲಯಗಳಿಗೂ ಹೆಚ್ಚಾಗಿ ಬಂದುದು ಇವೇ. ಒಳಗಿನ ಹಾಳೆಗಳು ಒಮ್ಮೊಮ್ಮೆ ಲಂಡನ್ನಿನ ಮೊದಲ ಮುದ್ರಣದವೇ ಆಗಿರುತ್ತವೆ, ಒಮ್ಮೊಮ್ಮೆ ಅಲ್ಲ. ಶೀರ್ಷಿಕೆಯ ಪುಟದಲ್ಲೋ ರಟ್ಟಿನ ಬೆನ್ನಿನಲ್ಲೋ ಮಾಲೆಯ ಹೆಸರಿದ್ದರೆ ಅದು ಲಂಡನ್ನಿನ ಮೊದಲ ಪ್ರತಿಯಲ್ಲ. ಸಂಗ್ರಾಹಕರು ಇವನ್ನು ಬಹುಕಾಲ ಕಡೆಗಣ್ಣಿನಿಂದ ನೋಡಿದರು. ನನ್ನ ಅಭಿಪ್ರಾಯ ಬೇರೆ. ನಮ್ಮೂರಿನ ಓದುಗರ ಕೈಗೆ ನಿಜವಾಗಿ ಬಂದ ಪುಸ್ತಕ ಇದು. ಒಳಗೆ "ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬೆಂಗಳೂರು" ಎಂಬ ಮೊಹರಿದ್ದರಂತೂ ಅದನ್ನು ನಾನು ಸುಲಭವಾಗಿ ಬಿಟ್ಟುಕೊಡೆನು. ಆ ಆಡಳಿತ 1881ರಲ್ಲಿ ಆರಂಭವಾಗಿ 1947ರಲ್ಲಿ ಮೈಸೂರಿಗೆ ಮರಳಿತಾದ್ದರಿಂದ, ಮೊಹರೇ ಪುಸ್ತಕದ ಪ್ರಯಾಣಕ್ಕೆ ಎರಡು ಎಲ್ಲೆಕಲ್ಲುಗಳನ್ನು ನೆಟ್ಟಂತೆ. ದಯವಿಟ್ಟು ಯಾರೂ ಇಂಥ ಮೊಹರನ್ನೂ ಹಳೆಯ ಒಡೆಯರ ಹೆಸರನ್ನೂ ರಬ್ಬರಿನಿಂದ ಉಜ್ಜಿ "ಶುಚಿ" ಮಾಡಬೇಡಿ.

ಅದೇ ರೀತಿ "ಟ್ರಾವಲ್ ಬುಕ್ ಕ್ಲಬ್" ಎಂದು ಅಡಿಯಲ್ಲಿ ಮುದ್ರಿತವಾದ ಪ್ರವಾಸಗ್ರಂಥಗಳು ಗುಜರಿಯಲ್ಲಿ ರಾಶಿಯಾಗಿ ಸಿಕ್ಕುತ್ತವೆ. ಸದಸ್ಯರಿಗೆ ಅಗ್ಗವಾಗಿ ಕೊಡಲು ಮುದ್ರಿಸಿದುವು. ಓದಲು ಬಹಳ ಚೆನ್ನ, ಮೊದಲನೆಯ ಮುದ್ರಣಗಳಲ್ಲ.

ಹಲಸೂರಿನ ಬೀರುವಿಗೆ ಹಿಂದಿರುಗೋಣ. ಬುಕಾನನ್ ಪಡಿಯಚ್ಚೆಂದು ತಿಳಿದಾಗ ಆ ತಾಯಿಯ ಮುಖ ಸಪ್ಪಗಾಯಿತು. "ಹಾಗಾದರೆ ಗುಜರಿಯವನಿಗೇ ಕೊಟ್ಟುಬಿಡೋಣ ಅನ್ನಿ" ಎಂದರು. ಕೆಳಗಿನ ಅರೆಯಲ್ಲಿ ಶಾಲೆಯ ಪುಸ್ತಕಗಳಿಗೆ ಹಾಕುವಂತೆ ಕಂದು ಕಾಗದ ಹೊದಿಸಿದ ಒಂದು ಪುಸ್ತಕವಿತ್ತು. "ಅದು ಹುಲಿಯ ಕಥೆಯ ಪುಸ್ತಕ, ನಮ್ಮೆಜಮಾನರು ಚಿಕ್ಕಂದಿನಲ್ಲಿ ಓದುತ್ತಿದ್ದರಂತೆ" ಎಂದರು. ಕಂದು ಕಾಗದವನ್ನು ಬಿಡಿಸಿದರೆ ಒಳಗೆ ಮೂಲದ ಬಣ್ಣದ ಮೇಲುಹೊದಿಕೆ, ಅಂಗಡಿಯವರು ಜಾಕೆಟ್ ಎನ್ನುವುದು, ಮಡಿಕೆ ಮಾಸದೆ ಇದೆ! ಕೆನೆತ್ ಆಂಡರ್‌ಸನ್ನರ "ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್". ಲಂಡನ್ನಿನ ಜಾರ್ಜ್ ಆಲನ್ ಅಂಡ್ ಅನ್ವಿನ್, 1954.

ಆಂಡರ್‌ಸನ್ (1910–1974) ನಮ್ಮ ಊರಿನವರೇ ಎನ್ನಬೇಕು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಬಿಡುವಿನಲ್ಲಿ ಕಾಡು. ಜವಳಗೆರೆ, ಎಮ್ಮೆದೊಡ್ಡಿ, ಹೊಸದುರ್ಗ, ಹೊಳಲ್ಕೆರೆಗಳೆಲ್ಲ ಲಂಡನ್ನಿನ ಅಚ್ಚಿನಲ್ಲಿ ಮೂಡಿದುದು ಅವರಿಂದ. ಪೂರ್ಣಚಂದ್ರ ತೇಜಸ್ವಿಯವರು "ಕಾಡಿನ ಕಥೆಗಳು" ಎಂಬ ಮಾಲೆಯಲ್ಲಿ ಅವರನ್ನು ಕನ್ನಡದ ಮನೆಮನೆಗೆ ತಂದರು. ಇದು ಬೇಟೆಯ ಪುಸ್ತಕ, ಪ್ರವಾಸಗ್ರಂಥವಲ್ಲ ಎನ್ನುವವರೂ ಇದ್ದಾರೆ. ಬಂಡಿದಾರಿ, ಪ್ರವಾಸಿ ಬಂಗಲೆ, ಹಳ್ಳಿಯ ಪಟೇಲ, ಕಾಡುಕುರುಬ ಇವರನ್ನೆಲ್ಲ ತೆಗೆದುಬಿಟ್ಟರೆ ಅದರಲ್ಲಿ ಹುಲಿಯೊಂದೇ ಉಳಿದೀತು. ಅಂಥವರೊಡನೆ ನಾನು ವಾದಿಸುವುದಿಲ್ಲ.

ಆಲನ್ ಅಂಡ್ ಅನ್ವಿನ್ ಸಂಸ್ಥೆಯವರ ಪುಸ್ತಕವನ್ನು ಗುರುತಿಸುವುದು ಸುಲಭ. ಶೀರ್ಷಿಕೆಯ ಹಿಂಬದಿಯಲ್ಲಿ ಮೊದಲ ಪ್ರಕಟಣೆಯ ವರ್ಷವಿರುತ್ತದೆ. ಮುಂದೆ ಮುದ್ರಣವಾದಾಗಲೆಲ್ಲ ಅದರ ಕೆಳಗೆ ಎರಡನೆಯದು, ಮೂರನೆಯದು ಎಂದು ಪ್ರಾಮಾಣಿಕವಾಗಿ ಸಾಲು ಸೇರಿಸುತ್ತಾರೆ. ಕೆಳಗೆ ಏನೂ ಇಲ್ಲವಾದರೆ ಮೊದಲನೆಯದು. ಹಲಸೂರಿನ ಪ್ರತಿಯಲ್ಲಿ ಏನೂ ಇರಲಿಲ್ಲ. ಅಮೆರಿಕದ ಡಟನ್ ಸಂಸ್ಥೆಯವರು ಇದೇ ಪುಸ್ತಕವನ್ನು 1955ರಲ್ಲಿ ತಂದರು. ಅದು ಅಮೆರಿಕದಲ್ಲಿ ಮೊದಲನೆಯದು, ಪ್ರಪಂಚದಲ್ಲಿ ಎರಡನೆಯದು. ಅಮೆರಿಕದವರ ಪದ್ಧತಿಯೇ ಬೇರೆ: ಈಚಿನ ಪುಸ್ತಕಗಳಲ್ಲಿ ಅಂಕಿಗಳ ಒಂದು ಸಾಲನ್ನು ಹಾಕಿ, ಮುದ್ರಣಕ್ಕೊಂದರಂತೆ ಅಳಿಸುತ್ತ ಹೋಗುತ್ತಾರೆ. ಉಳಿದ ಅಂಕಿಗಳಲ್ಲಿ ಚಿಕ್ಕದು ಯಾವುದೋ ಅದು ಆ ಪ್ರತಿಯ ಮುದ್ರಣಸಂಖ್ಯೆ. 1 ಉಳಿದಿದ್ದರೆ ಮೊದಲನೆಯದು.

ಮೇಲುಹೊದಿಕೆಯ ಬಗ್ಗೆ ಗೃಹಿಣಿಯರಲ್ಲಿ ಒಂದು ವಿನಂತಿಯುಂಟು. ಹರಿದ ಹೊದಿಕೆ ಅಸಹ್ಯವೆಂದು ಕಿತ್ತೊಗೆಯುವುದು ನಮ್ಮ ಮನೆಗಳ ರೂಢಿ. ಇಪ್ಪತ್ತನೆಯ ಶತಮಾನದ ಪುಸ್ತಕಕ್ಕೆ ಬೆಲೆಯ ದೊಡ್ಡ ಪಾಲು ಆ ಕಾಗದದಲ್ಲಿಯೇ ಇರುತ್ತದೆ. ಒಳಮಡಿಕೆಯ ಮೂಲೆಯಲ್ಲಿ ಷಿಲ್ಲಿಂಗಿನ ಬೆಲೆ ಇದ್ದರೆ ಇನ್ನೂ ಮೇಲು. ಉಡುಗೊರೆ ಕೊಡುವಾಗ ಬೆಲೆ ಕಾಣಬಾರದೆಂದು ಆ ಮೂಲೆಯನ್ನು ಕತ್ತರಿಸುತ್ತಿದ್ದ ಸಂಕೋಚ ಎಲ್ಲ ದೇಶಗಳಲ್ಲಿಯೂ ಒಂದೇ. ಮಾವನವರು ಹೊದಿಕೆಯ ಮೇಲೆ ಹೊದಿಕೆ ಹಾಕಿ ಅದನ್ನು ಕಾದಿದ್ದರು. ಈ ಪುಸ್ತಕಕ್ಕೆ 1807ರ ಬುಕಾನನ್ನನ ಬೆಲೆ ಬಾರದು, ಮಗಳ ಓದೆಲ್ಲ ಇದರಿಂದ ನಡೆಯದು ಎಂದು ಅವರಿಗೆ ತಿಳಿಯಹೇಳಿದೆ. ಆದರೆ ಗುಜರಿಯ ತಕ್ಕಡಿಗೆ ಹಾಕುವ ವಸ್ತುವಂತೂ ಅಲ್ಲ. ಎರಡು ಕಡೆ ವಿಚಾರಿಸಿ ಬರೆದ ಬೆಲೆ ತೆಗೆದುಕೊಂಡು ಆಮೇಲೆ ತೀರ್ಮಾನಿಸಿರೆಂದು ಹೇಳಿದೆ. ಅಷ್ಟರಲ್ಲಿ ಒಳಗಿನಿಂದ ಬಂದ ಮಗಳು, "ಇದನ್ನು ಮಾರುವುದಾದರೆ ಮೊದಲು ನಾನು ಓದುತ್ತೇನೆ" ಎಂದು ಪುಸ್ತಕವನ್ನು ಎತ್ತಿಕೊಂಡು ಹೋದಳು. ಬೀರುವಿನ ಉಳಿದ ಭಾಗಕ್ಕೆ ಇನ್ನೆರಡು ಭಾನುವಾರಗಳು ಬೇಕಾಗುತ್ತವೆ.

ಲಂಡನ್ನಿನದೇ ಯಾವಾಗಲೂ ಮೊದಲನೆಯದು ಎಂಬ ಭ್ರಮೆಯೂ ಬೇಡ. ಜಿಮ್ ಕಾರ್ಬೆಟ್ಟರ "ಮ್ಯಾನ್-ಈಟರ್ಸ್ ಆಫ್ ಕುಮಾಉಂ" ಮೊದಲು ಬಂದುದು 1944ರಲ್ಲಿ, ಆಕ್ಸ್‌ಫರ್ಡ್ ಮುದ್ರಣಾಲಯದ ಭಾರತದ ಶಾಖೆಯಿಂದ. ಇಂಗ್ಲೆಂಡು ಅಮೆರಿಕಗಳು ಕಂಡುದು 1946ರಲ್ಲಿ. ಯುದ್ಧಕಾಲದ ನಮ್ಮ ಪ್ರತಿ ನೋಡಲು ಸಾಧಾರಣ. ಆದರೂ ಅದೇ ಹಿರಿಯಣ್ಣ. ಆರ್. ಕೆ. ನಾರಾಯಣರ ಕರ್ನಾಟಕ ಪ್ರವಾಸ "ದಿ ಎಮರಾಲ್ಡ್ ರೂಟ್" ತಮ್ಮ ಲಕ್ಷ್ಮಣರ ಚಿತ್ರಗಳೊಡನೆ 1977ರಲ್ಲಿ ಹೊರಬಂದಾಗ ಅದರ ಪ್ರಕಾಶಕರು ಕರ್ನಾಟಕ ಸರ್ಕಾರ. ಸರ್ಕಾರದ ಪ್ರಕಟಣೆಯೆಂದು ಕಚೇರಿಗಳಲ್ಲಿ ಅಲಕ್ಷ್ಯಕ್ಕೆ ಈಡಾಗುವ ಪುಸ್ತಕಗಳ ಜಾತಿ ಇದು. ಕಂಡರೆ ಬಿಡಬೇಡಿ.

ಚಿತ್ರಪುಸ್ತಕಗಳ ವಿಚಾರ ಸ್ವಲ್ಪ ನೋವಿನದು. 1791ರ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆಗೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನ ಮೈಸೂರಿನ ನೋಟಗಳು 1794ರಲ್ಲಿಯೂ, 1792ರಲ್ಲಿಯೇ ತೀರಿಕೊಂಡ ಜೇಮ್ಸ್ ಹಂಟರನ ಬಣ್ಣದ ನೋಟಗಳು 1804–05ರಲ್ಲಿ ಎಡ್ವರ್ಡ್ ಓರ್ಮ್ ಎಂಬವನಿಂದಲೂ ಲಂಡನ್ನಿನಲ್ಲಿ ಪ್ರಕಟವಾದುವು. ಬೆಂಗಳೂರಿನ ಕೋಟೆ, ಪೇಟೆ, ಅರಮನೆಗಳ ಅತ್ಯಂತ ಹಳೆಯ ಚಿತ್ರಗಳ ಪೈಕಿ ಇವು ಸೇರುತ್ತವೆ. ಚಿತ್ರದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಪ್ರಕಾಶಕನ ಹೆಸರೂ ತಾರೀಖೂ ಕೊರೆದಿರುತ್ತವೆ. ತಾಮ್ರದ ತಗಡು ಒತ್ತಿದ ಚೌಕದ ಗೆರೆ ಸುತ್ತಲೂ ತಗ್ಗಾಗಿ ತಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಸಾಲುಸಾಲಾಗಿ ಒಂದೇ ಸಮ ಚುಕ್ಕೆಗಳು ಕಂಡರೆ ಅದು ಈ ಕಾಲದ ಪಡಿಯಚ್ಚು. ಇನ್ನೊಂದು ಪರೀಕ್ಷೆಯೂ ಉಂಟು: ಹಾಳೆಯನ್ನು ಬೆಳಕಿಗೆ ಹಿಡಿಯಿರಿ. 1794ರ ಈಚೆಗೆ ಇಂಗ್ಲೆಂಡಿನ ಕಾಗದ ತಯಾರಕರು ನೀರುಗುರುತಿನಲ್ಲಿ ತಮ್ಮ ಹೆಸರಿನೊಡನೆ ವರ್ಷವನ್ನೂ ಹಾಕುವುದು ರೂಢಿಯಾಯಿತು. ಶೀರ್ಷಿಕೆಯಲ್ಲಿ 1805, ಕಾಗದದೊಳಗೆ "ವಾಟ್ಮನ್" ಎಂಬ ಹೆಸರಿನೊಡನೆ ಅದಕ್ಕಿಂತ ಹತ್ತು ವರ್ಷ ಈಚಿನ ಅಂಕಿ ಇದ್ದರೆ, ಹಳೆಯ ತಗಡಿನಿಂದ ಆಮೇಲೆ ತೆಗೆದ ಅಚ್ಚು ಅದು. ಶೀರ್ಷಿಕೆ ಸುಳ್ಳು ಹೇಳಬಹುದು, ಕಾಗದ ಹೇಳಲಾರದು.

ನೋವೆಂದೆನಲ್ಲ, ಅದು ಇದು: ಇಂಥ ಪುಸ್ತಕವನ್ನು ಇಡಿಯಾಗಿ ಮಾರುವುದಕ್ಕಿಂತ ಚಿತ್ರಗಳನ್ನು ಒಂದೊಂದಾಗಿ ಕತ್ತರಿಸಿ ಕಟ್ಟುಹಾಕಿಸಿ ಮಾರಿದರೆ ಲಾಭ ಹೆಚ್ಚು. ಹೋಟೆಲಿನ ಹಜಾರಗಳಲ್ಲಿ ತೂಗುವ "ಹಳೆಯ ಮೈಸೂರು" ಎಷ್ಟೋ ಪುಸ್ತಕಗಳ ಹೆಣ. ವ್ಯಾಪಾರಿಗಳಿಗೆ ಇದು ನ್ಯಾಯವಾಗಿ ತೋರಬಹುದು. ನನಗೆ ದೇವಸ್ಥಾನದ ಕಂಬ ಕಿತ್ತು ಹೂಕುಂಡಕ್ಕೆ ಆಸರೆ ಮಾಡಿದಂತೆ ತೋರುತ್ತದೆ. ಕೊಳ್ಳುವವರು ಚಿತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದನ್ನೂ, ಮಡಿಕೆ ನಕ್ಷೆಯನ್ನೂ ಎಣಿಸಿ ನೋಡಲೇಬೇಕು.

ಕನ್ನಡದ ಪ್ರವಾಸಗ್ರಂಥಗಳ ಮೊದಲ ಮುದ್ರಣಗಳನ್ನು ಕೇಳುವವರು ಕಡಮೆ. ಆದಕಾರಣ ಅವು ಬೇಗ ಕಣ್ಮರೆಯಾಗುತ್ತಿವೆ. ವಿ. ಸೀತಾರಾಮಯ್ಯನವರ "ಪಂಪಾಯಾತ್ರೆ", ಗೋಕಾಕರ "ಸಮುದ್ರದಾಚೆಯಿಂದ", ಕಾರಂತರ "ಅಪೂರ್ವ ಪಶ್ಚಿಮ"—ಇವುಗಳ ಮೊದಲ ಪ್ರತಿಗಳು ಮೂಲದ ರಟ್ಟಿನಲ್ಲಿ ನಿಮ್ಮ ಮನೆಯಲ್ಲಿದ್ದರೆ ಜೋಪಾನಮಾಡಿ. ಗ್ರಂಥಾಲಯಗಳಲ್ಲಿ ರಟ್ಟು ಕಿತ್ತು, ಅಂಚು ಕತ್ತರಿಸಿ, ಗಟ್ಟಿ ಹೊದಿಕೆ ಕಟ್ಟಿಬಿಡುತ್ತಾರೆ. ಗಟ್ಟಿಯೇನೋ ಆಗುತ್ತದೆ, ಮುಖ ಹೋಗುತ್ತದೆ.

ನಮ್ಮ ಪುಸ್ತಕಗಳಲ್ಲಿ ಗುರುತುಗಳಿಗೇನೂ ಬರವಿಲ್ಲ. ಮುದ್ರಣದ ಲೆಕ್ಕದೊಡನೆ ಪ್ರತಿಗಳು ಇಷ್ಟು ಎಂದೂ ಮುದ್ರಿಸುವ ಒಳ್ಳೆಯ ಪದ್ಧತಿ ಹಲವರಲ್ಲಿದೆ. ಆ ಪುಟ ಹರಿದುಹೋಗಿದ್ದರೆ ಬೆಲೆಯನ್ನು ನೋಡಿ. ರೂಪಾಯಿ-ಆಣೆ-ಪೈಗಳಲ್ಲಿದ್ದರೆ 1957ರ ಏಪ್ರಿಲಿಗೆ ಹಿಂದಿನದಾಗುವ ಸಂಭವ ಹೆಚ್ಚು; "ನಯೆಪೈಸೆ" ಎಂದಿದ್ದರೆ 1957ರಿಂದ 1964ರ ನಡುವಣದು. ವಿಳಾಸದಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರಿಗಿಂತ ಹಿಂದೆ. ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚೆ. ಪ್ರಶಸ್ತಿಯ ಒಕ್ಕಣೆಯೂ ಉಪಯೋಗಕ್ಕೆ ಬರುತ್ತದೆ: "ಅಮೆರಿಕದಲ್ಲಿ ಗೊರೂರು" ಪ್ರಕಟವಾದುದು 1979ರಲ್ಲಿ, ಅಕಾಡೆಮಿಯ ಬಹುಮಾನ ಬಂದುದು 1980ರಲ್ಲಿ. ಹೊದಿಕೆಯ ಮೇಲೆಯೇ ಬಹುಮಾನದ ಮಾತು ಮುದ್ರಿತವಾಗಿದ್ದರೆ ಆ ಹೊದಿಕೆ ಮೊದಲನೆಯದಲ್ಲ.

ಒಂದು ಕಡೆ ಮಾತ್ರ ಬೆಲೆ ದಾರಿತಪ್ಪಿಸುತ್ತದೆ. ಮೊದಲ ಮುದ್ರಣದ ಸಾವಿರ ಪ್ರತಿಗಳು ಮಾರಿ ಮುಗಿಯಲು ನಮ್ಮಲ್ಲಿ ಹತ್ತು ಹದಿನೈದು ವರ್ಷ ಹಿಡಿಯುವುದುಂಟು. ಅಷ್ಟರಲ್ಲಿ ಬೆಲೆಯೇರಿಸಬೇಕಾದಾಗ ಪ್ರಕಾಶಕರು ಹಳೆಯ ಅಂಕಿಯ ಮೇಲೆ ಹೊಸ ಬೆಲೆಯ ಚೀಟಿಯನ್ನು ಅಂಟಿಸುತ್ತಿದ್ದರು. ಕೊಂಡವನು ಅದನ್ನು ಈಚಿನ ಮುದ್ರಣವೆಂದು ಬದಿಗೆ ಸರಿಸುತ್ತಾನೆ. ಚೀಟಿಯನ್ನು ಕೀಳಬಾರದು, ಆ ಎಲೆಯನ್ನು ದೀಪಕ್ಕೆ ಎದುರಾಗಿ ಹಿಡಿದರೆ ಅಡಿಯಲ್ಲಿ ಹಳೆಯ ಎರಡು ರೂಪಾಯಿ ಎಂಟಾಣೆ ಮಸಕಾಗಿ ಕಾಣುತ್ತದೆ.